ಹಸಿರು ಪಟ್ಟೆಯ ಪಾತ್ರೆಗಳು ಮೇಳಿಗೆಗೆ ಹೋದ ಬೆಳಿಗ್ಗೆ

ಬೆನ್ನು ಹಿಡಿದದ್ದು ದೊಡ್ಡ ಕೊಪ್ಪರಿಗೆ ಎತ್ತುವಾಗ ಎಂದು ಸಾಗರದಲ್ಲೆಲ್ಲ ಹೇಳಿಕೊಂಡಿದ್ದೇನೆ. ನನ್ನ ವ್ಯಾಪಾರಕ್ಕೆ ಒಪ್ಪುವ ಕಾರಣ ಅದು. ನಿಜವಾಗಿ ಹಿಡಿದದ್ದು ಮಂಚದ ಕೆಳಗೆ ಬಿದ್ದ ಫೋನ್ ತೆಗೆಯಲು ಬಗ್ಗಿದಾಗ. ಗಾಡಿ ಎಲ್ಲಿಗೆ ಮುಟ್ಟಿತು ಎಂದು ಡ್ರೈವರನ್ನು ಆಗಷ್ಟೇ ಕೇಳಿ ಇಟ್ಟಿದ್ದೆ. ಇಟ್ಟ ಮೇಲೆ, ಅವನ ದನಿ ಯಾಕೋ ಸರಿಯಿರಲಿಲ್ಲ ಅನ್ನಿಸಿ ಇನ್ನೊಮ್ಮೆ ಕೇಳಲು ಹೊರಟಿದ್ದೆ. ಬಗ್ಗಿದವನು ಬಗ್ಗಿದ ಹಾಗೇ ಉಳಿದೆ. ಹೆಂಡತಿ ಬಂದು, ನಾನು ನೆಲದ ಮೇಲೆ ಏನೋ ಹುಡುಕುತ್ತಿದ್ದೇನೆಂದು ತಿಳಿದು, ತಾನೂ ಬಗ್ಗಿ ಸ್ವಲ್ಪ ಹೊತ್ತು ಹುಡುಕಿದಳು.

ಡಾಕ್ಟರು ಚಪ್ಪಟೆಯಾಗಿ ಮಲಗಬೇಕೆಂದರು.

"ಎಷ್ಟು ದಿನ ಡಾಕ್ಟ್ರೆ?"

"ನಾನು ಏಳಿ ಅನ್ನೋವರೆಗೆ."

"ಮುಹೂರ್ತದ ತಿಂಗಳು ಮಾರಾಯ್ರೆ. ಹೇಗೆ ಮಲಗೋದು?"

"ಮುಹೂರ್ತ ನಿಮ್ದಲ್ವಲ್ಲ," ಅಂದರು.

ಪಾತ್ರೆ, ಶಾಮಿಯಾನ, ಕುರ್ಚಿಗಳನ್ನು ಬಾಡಿಗೆಗೆ ಕೊಡುವುದು ನನ್ನ ಕಸುಬು. ಊರಿನಲ್ಲಿ ಯಾರಿಗೆ ಮದುವೆಯಾದರೂ ನನಗೆ ನಿದ್ದೆಯಿಲ್ಲ. ಸಾಗರದ ಅಂಗಡಿ ಹಳೆಯದು, ತನ್ನ ಪಾಡಿಗೆ ತಾನು ನಡೆಯುವಂಥದು. ಎರಡು ವರ್ಷದ ಹಿಂದೆ ಧೈರ್ಯ ಮಾಡಿ ಹೊಸನಗರದಲ್ಲಿ ಇನ್ನೊಂದು ಗೋಡೌನು ತೆಗೆದೆ. ಧೈರ್ಯ ಎಂದರೆ, ಹೆಂಡತಿ "ತೆಗೀರಿ ಅತ್ಲಾಗೆ, ತೆಗೆದ್ರೂ ಹೆದರ್ತೀರಿ, ತೆಗೀದಿದ್ರೂ ಹೆದರ್ತೀರಿ" ಅಂದದ್ದು. ಹೊಸನಗರದ ಗೋಡೌನಿನ ಮೇಲೆ ನನಗಿದ್ದ ಆಸೆಯೆಲ್ಲ ತೀರ್ಥಹಳ್ಳಿ ಕಡೆಯ ಮನೆಗಳದು. ಆ ಕಡೆ ನಮ್ಮ ಹೆಸರು ನಿಂತರೆ ಗೋಡೌನು ನಿಂತಿತು, ಇಲ್ಲದಿದ್ದರೆ ಮುಚ್ಚಬೇಕು. ಲೆಕ್ಕ ಅಷ್ಟೇ.

ಈ ಕಸುಬಿನಲ್ಲಿ ಹೆಸರು ನಿಲ್ಲುವುದು ಒಂದು ಬಣ್ಣದ ಗೆರೆಯ ಮೇಲೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮದುವೆಯ ದಿನ ಸಿಹಿಯೂಟವಾದರೆ ಮಾರನೆಯ ದಿನ ಬೀಗರೂಟ. ಅದರಲ್ಲಿ ಕೋಳಿ, ಕುರಿ ಇಲ್ಲದಿದ್ದರೆ ಬೀಗರ ಮುಖ ಅರಳುವುದಿಲ್ಲ. ಇನ್ನು ಕೆಲವು ಮನೆಗಳಲ್ಲಿ ಮಾಂಸ ಬೆಂದ ಪಾತ್ರೆ ಎಷ್ಟೇ ತೊಳೆದಿದ್ದರೂ ಅಂಗಳ ದಾಟಿ ಬರುವಂತಿಲ್ಲ. ಅದಕ್ಕೇ ಎರಡು ಸೆಟ್ಟು. ಸಸ್ಯಾಹಾರದ ಪಾತ್ರೆಗೆ ಅಂಚಿನ ಕೆಳಗೆ ಹಸಿರು ಪಟ್ಟೆ, ಇನ್ನೊಂದಕ್ಕೆ ಕೆಂಪು ಪಟ್ಟೆ. ಗೋಡೌನಿನಲ್ಲಿ ಆ ಗೋಡೆಗೆ ಒಂದು, ಈ ಗೋಡೆಗೆ ಒಂದು. ತೊಳೆಯುವ ಕಲ್ಲು ಬೇರೆ, ಉಜ್ಜುವ ನಾರು ಬೇರೆ, ಸೌಟು ಜಾಲರಿಗಳೂ ಬೇರೆ. ಇಷ್ಟೆಲ್ಲ ಇದ್ದ ಮೇಲೆ ಹೆದರಿಕೆ ಏಕೆ ಎಂದು ಕೇಳುವವರು ನನ್ನನ್ನು ಹತ್ತಿರದಿಂದ ನೋಡಿದವರಲ್ಲ.

ಗೋಡೌನು ತೆಗೆದ ಹೊಸತರಲ್ಲಿ ತಾಳಗುಪ್ಪದ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಸಣ್ಣ ಉದ್ಯಮಿಗಳ ತರಬೇತಿಯೊಂದರಲ್ಲಿ ಕೂತು ಬಂದಿದ್ದೆ. ಕೋಟು ಹಾಕಿದ ಒಬ್ಬರು ದಿನವಿಡೀ ಹೇಳಿದ್ದರ ಸಾರ ಇಷ್ಟು: ಬೆಳಿಗ್ಗೆ ಮೊದಲು ಕಷ್ಟದ ಕೆಲಸ ಮಾಡಿ, ಎಲ್ಲವನ್ನೂ ತಲೆಯಲ್ಲಿ ಇಟ್ಟುಕೊಳ್ಳಬೇಡಿ, ಬೇರೆಯವರು ಮಾಡಬಹುದಾದ್ದನ್ನು ಬೇರೆಯವರಿಗೆ ಬಿಡಿ. ಮೊದಲನೆಯದು ನನಗೆ ಆಗಲಿಲ್ಲ. ಬೆಳಿಗ್ಗೆ ನನಗೆ ಎಲ್ಲವೂ ಕಷ್ಟದ ಕೆಲಸ. ಎರಡನೆಯದಕ್ಕೆ ಗೋಡೆಗೆ ದೊಡ್ಡ ಕ್ಯಾಲೆಂಡರ್ ಹೊಡೆದೆವು, ಅದನ್ನು ನೋಡದೆ ಯಾರಿಗೂ ಫೋನಿನಲ್ಲಿ ಹೂಂ ಅನ್ನಬಾರದು ಎಂದು ನಿಯಮ ಮಾಡಿದೆವು. ಅದು ನಿಜಕ್ಕೂ ಉಪಯೋಗಕ್ಕೆ ಬಂತು. ಮೂರನೆಯದನ್ನೂ ಮಾಡಿದೆ. ಕೆಲಸ ಬೇರೆಯವರಿಗೆ ಬಿಟ್ಟೆ, ಬಿಟ್ಟು ಅವರು ಮಾಡುತ್ತಾರೋ ಇಲ್ಲವೋ ನೋಡಲು ಸ್ಕೂಟರಿನಲ್ಲಿ ಹಿಂದೆಯೇ ಹೋದೆ.

ಹಾಗೆ ಬಿಟ್ಟದ್ದು ಒಬ್ಬಳು ಹೆಣ್ಣುಮಗಳಿಗೆ. ಕಾರ್ಗಲ್ಲಿನ ವಿದ್ಯುತ್ ಕಾಲೊನಿಯಲ್ಲಿ ಬೆಳೆದವಳು, ಬಿ.ಕಾಂ. ಓದಿ, ಹೊಸನಗರಕ್ಕೆ ಸೊಸೆಯಾಗಿ ಬಂದವಳು. ಹೊಸನಗರದ ಗೋಡೌನು ನೋಡಿಕೊಳ್ಳುವುದು ಅವಳ ಕೆಲಸ. ನನ್ನನ್ನು ಅಣ್ಣ ಅನ್ನುತ್ತಾಳೆ, ನನ್ನ ಹೆಂಡತಿಯನ್ನು ಅತ್ತಿಗೆ. ಬಂದ ತಿಂಗಳಲ್ಲೇ ಅವಳು ಎರಡು ಪದ್ಧತಿ ತಂದಳು. ಒಂದು, ಬೆಳಿಗ್ಗೆ ಎಲ್ಲರೂ ನಿಂತುಕೊಂಡೇ ಚಹಾ ಕುಡಿಯುತ್ತ ಆ ದಿನದ ಕೆಲಸ ಮಾತಾಡಿಕೊಳ್ಳುವುದು. ಚಹಾ ಮುಗಿದರೆ ಮಾತೂ ಮುಗಿಯಿತು. ಇನ್ನೊಂದು, ಗಾಡಿಗೆ ಪಾತ್ರೆ ತುಂಬಿ ತಾಡಪಾಲು ಹೊದಿಸುವ ಮುಂಚೆ ಒಂದು ಫೋಟೋ ತೆಗೆದು ನಮ್ಮ ವಾಟ್ಸಾಪ್ ಗುಂಪಿಗೆ ಹಾಕುವುದು. ಫೋಟೋದಲ್ಲಿ ಪಟ್ಟೆ ಕಾಣಬೇಕು. "ನೀವು ಫೋನ್ ಮಾಡಿ ಕೇಳೋದು ತಪ್ಲಿ ಅಂತ ಅಣ್ಣ," ಅಂದಿದ್ದಳು. ನಾನು ಫೋಟೋ ಬಂತೇ ಎಂದು ಕೇಳಲು ಫೋನ್ ಮಾಡತೊಡಗಿದೆ.

ನಾನು ಮಲಗಿದ ವಾರದಲ್ಲೇ ತೀರ್ಥಹಳ್ಳಿ ಹತ್ತಿರದ ಮೇಳಿಗೆಯಲ್ಲಿ ಒಂದು ಮದುವೆ ಇತ್ತು. ಜೈನರ ಮನೆ, ತಲೆಮಾರುಗಳಿಂದ ಅಲ್ಲೇ ನೆಲೆ ನಿಂತವರು, ಸುತ್ತಲಿನ ಯಾವ ಕಾರ್ಯಕ್ಕೂ ಅವರನ್ನು ಕರೆಯದೆ ಆಗುವುದಿಲ್ಲ. ನಮಗೆ ಸಿಕ್ಕ ಆ ಕಡೆಯ ಮೊದಲ ದೊಡ್ಡ ಮನೆ ಅದು. ಅಲ್ಲಿ ಊಟ ಮಾಡಿದವರಲ್ಲಿ ಅರ್ಧ ಜನ ಮುಂದೆ ತಾವು ಮದುವೆ ಮಾಡುವವರೇ. ಕತ್ತಲಾಗುವ ಮುಂಚೆ ಅಡುಗೆ, ಊಟ ಎಲ್ಲ ಮುಗಿಯಬೇಕಾದ್ದರಿಂದ ಪಾತ್ರೆ ಹಿಂದಿನ ದಿನ ಬೆಳಿಗ್ಗೆಯೇ ಮುಟ್ಟಬೇಕು. ಅದೇ ಬೆಳಿಗ್ಗೆ ರಿಪ್ಪನ್‌ಪೇಟೆ ಕಡೆ ಒಂದು ಬೀಗರೂಟ. ಎರಡೂ ಹೊಸನಗರದ ಗೋಡೌನಿನಿಂದಲೇ ಹೊರಡುವ ಲೋಡು. ದೊಡ್ಡ ಗಾಡಿಯಲ್ಲಿ ಹಸಿರು ಪಟ್ಟೆಯವು ಮೇಳಿಗೆಗೆ, ಸಣ್ಣ ಗಾಡಿಯಲ್ಲಿ ಕೆಂಪು ಪಟ್ಟೆಯವು ಬೀಗರೂಟಕ್ಕೆ. ಹಿಂದಿನ ದಿನವೇ ಗೋಡೌನಿನವಳು ಗೊತ್ತುಮಾಡಿ ನನಗೆ ಹೇಳಿದ್ದಳು. ನಾನು ಹೂಂ ಅಂದಿದ್ದೆ.

ಬೆಳಿಗ್ಗೆ ಹೆಂಡತಿ ಗಂಜಿ ಕುಡಿಸಿ, ತಲೆದಿಂಬು ಸರಿಮಾಡಿ, ಸ್ನಾನಕ್ಕೆ ಹೋದಳು. ಫೋನು ಕೈಗೆಟುಕುವಲ್ಲೇ ಇತ್ತು. ಚಾವಣಿ ನೋಡುತ್ತ ಮಲಗಿದವನಿಗೆ ಒಂದು ವಿಚಾರ ಬಂತು. ಚಾವಣಿ ನೋಡುತ್ತ ಮಲಗಿದವನಿಗೆ ವಿಚಾರ ಬರದ ಹಾಗೆ ಮಾಡುವ ಮಾತ್ರೆಯನ್ನು ಡಾಕ್ಟರು ಕೊಟ್ಟಿರಲಿಲ್ಲ. ದೊಡ್ಡ ಗಾಡಿಯ ಡ್ರೈವರ್ ಹೊಸಬ, ವೇಗದವನು. ಮೇಳಿಗೆ ಮನೆಗೆ ತಿರುಗುವ ದಾರಿ ಅವನಿಗೆ ಗೊತ್ತೋ ಇಲ್ಲವೋ. ಸಣ್ಣ ಗಾಡಿಯವನು ನಮ್ಮಲ್ಲಿ ಎಲ್ಲರಿಗಿಂತ ಹಳಬ, ಆ ಕಡೆಯ ಅಳಿಯ ಬೇರೆ. ದೊಡ್ಡ ಮನೆಗೆ ಹಳಬನೇ ಹೋಗುವುದು ಕ್ಷೇಮ. ಇದು ಯಾರಿಗೂ ಹೊಳೆಯದೆ ನನಗೊಬ್ಬನಿಗೇ ಹೊಳೆಯಿತಲ್ಲ, ಮಲಗಿದಲ್ಲಿಂದಲೇ ವ್ಯಾಪಾರ ಕಾಯುತ್ತಿದ್ದೇನಲ್ಲ ಎಂದು ಹೆಮ್ಮೆಯೂ ಆಯಿತು.

ಹಳಬನಿಗೆ ಫೋನ್ ಹಚ್ಚಿದೆ. "ಹೊರಟ್ಯನಾ?"

"ಈಗಷ್ಟೇ ಊರು ಬಿಟ್ಟೆ ಅಣ್ಣ."

"ಮೇಳಿಗೆಗೆ ನೀನೇ ಹೋಗು. ಬೀಗರೂಟಕ್ಕೆ ಅವನು ಹೋಗ್ಲಿ."

ಅತ್ತ ಗೇರು ಬದಲಿಸಿದ ಸದ್ದು ಕೇಳಿತು. ಆಮೇಲೆ, "ಆಯ್ತಣ್ಣ."

ನಸುಕಿನಲ್ಲೇ ಹೊರಟಿದ್ದ ಹೊಸಬನಿಗೂ ಹಚ್ಚಿ, ಅವನು ಬೀಗರೂಟಕ್ಕೆ ಹೋಗಬೇಕೆಂದೆ. ಅವನೂ "ಆಯ್ತಣ್ಣ" ಅಂದ. ಎಂಥ ಹುಡುಗರು ಸಿಕ್ಕಿದ್ದಾರೆ, ಎದುರು ಮಾತಿಲ್ಲ ಅಂದುಕೊಂಡು ಕಣ್ಣು ಮುಚ್ಚಿದೆ. ಬೆನ್ನುನೋವು ಕೂಡ ಸ್ವಲ್ಪ ಇಳಿದ ಹಾಗಿತ್ತು.

ಹೆಂಡತಿ ತಲೆ ಒರೆಸಿಕೊಳ್ಳುತ್ತ ಬಂದು ನನ್ನ ಫೋನ್ ಎತ್ತಿಕೊಂಡಳು. ಗುಂಪಿಗೆ ಫೋಟೋ ಬಂದಿತ್ತು, ನಾನೇ ನೋಡಿರಲಿಲ್ಲ.

"ಎಷ್ಟು ಚಂದ ಜೋಡ್ಸಿದಾರೆ ನೋಡಿ. ದೊಡ್ಡ ಗಾಡಿಲಿ ಹಸಿರು, ಸಣ್ಣದರಲ್ಲಿ ಕೆಂಪು. ಮೇಳಿಗೆಗೆ ದೊಡ್ಡದಲ್ದಾ?"

"ಅಲ್ಲ, ಈಗ ಸಣ್ಣ ಗಾಡಿಯವನೇ ಮೇಳಿಗೆಗೆ..." ಅಂದವನು ಅಲ್ಲಿಗೇ ನಿಂತೆ.

ನಾನು ಬದಲಿಸಿದ್ದು ಡ್ರೈವರನ್ನು. ಗಾಡಿ ಬದಲಿಸಿಕೊಳ್ಳಿ ಎಂದು ಇಬ್ಬರಿಗೂ ಹೇಳಿರಲಿಲ್ಲ. ಹೇಳುವ ಹೊತ್ತಿಗೆ ಅವರು ಬೇರೆ ಬೇರೆ ದಾರಿ ಹಿಡಿದಾಗಿತ್ತು. ಎಂದರೆ, ಹಳಬ ತನ್ನ ಸಣ್ಣ ಗಾಡಿ ತಿರುಗಿಸಿಕೊಂಡು, ಬೀಗರೂಟದ ಕೆಂಪು ಪಟ್ಟೆಯ ಕೊಪ್ಪರಿಗೆಗಳನ್ನು ಹೊತ್ತು ನೇರ ಮೇಳಿಗೆಯ ಆ ಮನೆಯ ಅಂಗಳಕ್ಕೆ ಹೋಗುತ್ತಿದ್ದಾನೆ. ನಾನು ಕಳಿಸಿದ್ದೇನೆ.

ಬಣ್ಣ ನೋಡಿ ಅವನಿಗೇ ತಿಳಿಯುವುದಿಲ್ಲವೇ ಎಂದು ನೀವು ಕೇಳಬಹುದು. ತಾಡಪಾಲಿನ ಅಡಿಯ ಬಣ್ಣ ಯಾರಿಗೆ ಕಾಣುತ್ತದೆ? ಅದೂ ಅಲ್ಲದೆ, ನಾನು ಹೇಳಿದ ಮೇಲೆ ನಿಮ್ಮ ತಲೆ ಓಡಿಸಬೇಡಿ ಎಂದು ವರ್ಷಗಟ್ಟಲೆ ಅವರಿಗೆ ಕಲಿಸಿದವನು ನಾನೇ.

ಹಳಬನಿಗೆ ಹಚ್ಚಿದೆ. ವ್ಯಾಪ್ತಿ ಪ್ರದೇಶದ ಹೊರಗಿದ್ದ. ಹೊಸಬನೂ ಹೊರಗಿದ್ದ. ಹೊಸನಗರ ದಾಟಿದರೆ ಸಿಗ್ನಲ್ಲು ಒಂದು ಗುಡ್ಡಕ್ಕೆ ಇದ್ದರೆ ಇನ್ನೊಂದು ಗುಡ್ಡಕ್ಕಿಲ್ಲ. ಗೋಡೌನಿನವಳಿಗೆ ಹಚ್ಚಿದರೆ ಆ ಕಡೆ ರಿಂಗಾಗುತ್ತದೆ, ಎತ್ತುವವರಿಲ್ಲ.

"ಮೇಳಿಗೆ ಮನೆಯವ್ರಿಗೇ ಫೋನ್ ಮಾಡ್ತೀನಿ," ಅಂದೆ.

"ಮಾಡಿ ಎಂತ ಹೇಳ್ತೀರಿ?"

"ಗಾಡಿ ಬಂದ್ರೆ ತಾಡಪಾಲು ತೆಗೀಬೇಡಿ ಅಂತ."

"ಹಂಗಂದ್ರೆ ಮೊದ್ಲು ಅದನ್ನೇ ತೆಗೀತಾರೆ. ಸುಮ್ನೆ ಮಲ್ಕಳಿ."

"ಸ್ಕೂಟ್ರು ಕೀ ಎಲ್ಲಿ?"

"ಸ್ಕೂಟ್ರಲ್ಲಿ ಮೇಳಿಗೆಗೆ? ಎದ್ದು ಕೂರಕ್ಕೆ ಬರಲ್ಲ ನಿಮ್ಗೆ!"

ಕೂರಲು ಬರುತ್ತದೆ ಎಂದು ತೋರಿಸಲು ಹೊರಟೆ. ಅರ್ಧ ಎದ್ದೆ. ಕಿಟಕಿಯ ಸರಳು ಹಿಡಿದುಕೊಂಡೆ. ಅಲ್ಲಿಂದ ಮುಂದಕ್ಕೂ ಆಗಲಿಲ್ಲ, ಹಿಂದಕ್ಕೂ ಆಗಲಿಲ್ಲ. ಹೊರಗೆ ರಸ್ತೆಯಲ್ಲಿ ಹೋಗುತ್ತಿದ್ದ ಪರಿಚಯದವರೊಬ್ಬರು, ಸರಳು ಹಿಡಿದಿದ್ದ ನನ್ನನ್ನು ನೋಡಿ ಕೈ ಬೀಸಿದರು. ನಾನೂ ನಕ್ಕೆ. ಹಾಗೆ ನೇತಾಡುತ್ತಲೇ ಗೋಡೌನು ಮುಚ್ಚಿದೆ. ಹೊಸನಗರದ ಬಾಗಿಲಿಗೆ ಬೀಗ ಹಾಕಿ, ಕೊಪ್ಪರಿಗೆಗಳನ್ನು ಸಾಗರಕ್ಕೆ ತಂದು, ಆ ಹೆಣ್ಣುಮಗಳಿಗೆ ಬೇರೆ ಕಡೆ ಕೆಲಸ ಹುಡುಕಿಕೊಡಲು ಯಾರನ್ನು ಕೇಳಲಿ ಎನ್ನುವಲ್ಲಿಯವರೆಗೆ ಮನಸ್ಸಿನಲ್ಲೇ ಹೋಗಿ ಬಂದೆ. ಹೆಂಡತಿ ನನ್ನ ತೋಳಿನ ಅಡಿಗೆ ತನ್ನ ಹೆಗಲು ಕೊಟ್ಟು ನಿಂತಿದ್ದಳು.

ಫೋನ್ ಬಂತು. ಮೇಳಿಗೆಯ ಮನೆಯ ಯಜಮಾನರು, ಮದುಮಗಳ ಅಜ್ಜ. ಹೆಂಡತಿ ಸ್ಪೀಕರಿಗೆ ಹಾಕಿ ನನ್ನ ಬಾಯಿಯ ಹತ್ತಿರ ಹಿಡಿದಳು.

"ಹ್ವಾಯ್, ನಿಮ್ಮ ಗಾಡಿ ಬಂತು ಮಾರಾಯ್ರೆ," ಅಂದರು. ಆಮೇಲೆ ದನಿ ತಗ್ಗಿಸಿ, "ಒಂದು ವಿಷ್ಯ ಇತ್ತು. ಹೇಳಿದ್ರೆ ನೀವು ಬೇಜಾರು ಮಾಡ್ಕಬಾರ್ದು."

"ಹೇಳಿ," ಅಂದೆ. ಸರಳು ಬಿಡಲಿಲ್ಲ.

"ನಿಮ್ಮ ಡ್ರೈವರು ಇಳಿಸಿ ಕೂಡ್ಲೇ ಹೊರಡ್ತೀನಿ ಅಂತ ಕೂತಿದ್ದ. ಮದುವೆ ಮನೆಗೆ ಬಂದು ತಿಂಡಿ ತಿನ್ದೆ ಹೋಗೋದುಂಟಾ? ಹಿಡಿದು ಕೂರ್ಸಿದೀವಿ. ತಡ ಆಯ್ತು ಅಂತ ನೀವು ಅವನಿಗೆ ಬೈಬೇಡಿ, ಹಂಗೆ ಹೇಳಣ ಅಂತ ಮಾಡ್ದೆ."

"ಪಾತ್ರೆ ಇಳಿಸಾಯ್ತಾ?"

"ಆಯ್ತಲ್ಲ. ಅಡುಗೆಯವ್ರು ಒಲೆ ಹತ್ರ ಜೋಡ್ಸ್ತಾ ಇದಾರೆ."

"ಪಟ್ಟೆ... ಪಟ್ಟೆ ಯಾವ ಬಣ್ಣ ಇದೆ?"

"ಹಸಿರು. ಅಡುಗೆಯವ್ರು ಮೊದ್ಲು ನೋಡಿದ್ದೇ ಅದನ್ನ. ಎಂತಕ್ಕೆ ಕೇಳ್ತೀರಿ?"

"ಎಂತಿಲ್ಲ. ಹೊಸ ಪೇಂಟು. ಚೆನ್ನಾಗಿ ಹತ್ತಿದೆಯಾ ಅಂತ."

"ಹತ್ತಿದೆ ಹತ್ತಿದೆ. ಬೆನ್ನು ಹುಷಾರಿದ್ರೆ ನಾಳೆ ಊಟಕ್ಕೆ ಬನ್ನಿ," ಅಂದು ಇಟ್ಟರು.

ನನ್ನ ಕೈ ತಾನಾಗಿ ಸರಳು ಬಿಟ್ಟಿತು. ಹೆಂಡತಿ ಇಲ್ಲದಿದ್ದರೆ ನೆಲಕ್ಕೆ ಬೀಳುತ್ತಿದ್ದೆ. ಇಬ್ಬರೂ ಕೂಡಿ ನನ್ನನ್ನು ಹಾಸಿಗೆಗೆ ಸೇರಿಸಿದೆವು. ಕಣ್ಣಿನಲ್ಲಿ ನೀರು ಬಂದಿತ್ತು. ಬೆನ್ನುನೋವಿಗೆ ಎಂದು ಹೇಳಿದೆ, ಅವಳು ನಂಬಿದ ಹಾಗೆ ಮಾಡಿದಳು. ಎದೆಯ ಮೇಲಿನ ಕೊಪ್ಪರಿಗೆಯನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗೆ ಹಗುರವಾಗಿತ್ತು. ಆ ಹಗುರದಲ್ಲಿ ಸ್ವಲ್ಪ ಹೊತ್ತು ಮಲಗಿದ ಮೇಲೆ, ಇದು ಹೇಗಾಯಿತು ಎನ್ನುವ ಪ್ರಶ್ನೆ ಬಂತು.

ಗೋಡೌನಿನವಳ ಫೋನು ಬಂತು. "ನೀರಿನ ಟ್ಯಾಂಕ್ ಹತ್ರ ಇದ್ದೆ ಅಣ್ಣ, ಫೋನ್ ಒಳಗಿತ್ತು. ಎಷ್ಟು ಸಲ ಮಾಡಿದೀರಿ! ಎಂತ ಆಯ್ತು?"

"ನಾನು ಡ್ರೈವರಿಬ್ಬರಿಗೂ ದಾರಿ ಬದಲಿಸಿ ಅಂದಿದ್ದೆ. ಆಯ್ತಣ್ಣ ಅಂದ್ರು. ಆದ್ರೆ ಬದಲಿಸ್ಲೇ ಇಲ್ವಲ್ಲ?"

"ಹೌದು, ಇಲ್ಲ. ಇಬ್ರೂ ನಂಗೆ ಫೋನ್ ಮಾಡಿದ್ರು. 'ಅಕ್ಕ, ಅಣ್ಣ ಫೋನ್ ಮಾಡಿದ್ರು' ಅಂದ್ರು. 'ಸರಿ, ನೀನು ಹೋಗ್ತಾ ಇರು' ಅಂದೆ."

"ನಾನು ಎಂತ ಹೇಳ್ದೆ ಅಂತ ನೀನು ಕೇಳ್ಲಿಲ್ವಾ?"

"ಇಲ್ಲ ಅಣ್ಣ. ಗಾಡಿ ಕಟ್ಟಿ ಆಗಿತ್ತಲ್ಲ."

ಅವಳು ಹೇಳಿದ್ದು ಎಷ್ಟು ಸಹಜವಾಗಿತ್ತೆಂದರೆ, ಸಿಟ್ಟು ಮಾಡಬೇಕೆಂದು ಹುಡುಕಿದರೂ ಸಿಟ್ಟು ಸಿಗಲಿಲ್ಲ. ಗೋಡೌನಿನಲ್ಲಿ ಒಂದು ನಿಯಮವಿತ್ತಂತೆ, ನನಗೆ ಗೊತ್ತಿಲ್ಲದ್ದು. ಲೋಡು ಕಟ್ಟಿ ಹೊರಟ ಮೇಲೆ ನನ್ನ ಫೋನು ಬಂದರೆ ಆಯ್ತು ಅನ್ನುವುದು, ಅಂದು ಅವಳಿಗೆ ತಿಳಿಸುವುದು, ಅವಳು ಹೇಳದೆ ಚಕ್ರ ತಿರುಗಿಸಬಾರದು.

"ಯಾವಾಗಿಂದ ಇದು?"

"ಶುರುವಿಂದ್ಲೂ."

"ಯಾರನ್ನ ಕೇಳಿ ಮಾಡ್ದೆ?"

"ಅತ್ತಿಗೆನ ಕೇಳಿದ್ದೆ ಅಣ್ಣ."

ತಲೆ ತಿರುಗಿಸಲು ಬರುವಷ್ಟು ತಿರುಗಿಸಿ ನೋಡಿದೆ. ಅತ್ತಿಗೆಯವರು ಬಾಗಿಲ ಹತ್ತಿರ ಒದ್ದೆ ಟವೆಲ್ಲನ್ನು ಬಹಳ ಶ್ರದ್ಧೆಯಿಂದ ಮಡಚುತ್ತಿದ್ದರು. ಒಣಗಿಸಬೇಕಾದ ಟವೆಲ್ಲನ್ನು ಯಾರೂ ಮಡಚುವುದಿಲ್ಲ.

"ನೀನು ಮೊದ್ಲೇ ಹೇಳ್ಬಹುದಿತ್ತಲ್ಲ, ಈಗ, ನಾನು ಸರಳು ಹಿಡ್ಕಂಡು ನೇತಾಡುವಾಗ?"

"ನಂಗೂ ಹೆದ್ರಿಕೆ ಆಗಿತ್ತು ಕಣ್ರೀ," ಅಂದಳು. "ಇವತ್ತೊಂದು ದಿನ ಎಲ್ಲಾದ್ರೂ ನಿಮ್ಮ ಮಾತು ಕೇಳಿಬಿಟ್ರೆ ಅಂತ."

ಮಧ್ಯಾಹ್ನವೆಲ್ಲ ಮಲಗಿ ಹಿಂದಿನ ಎರಡು ವರ್ಷವನ್ನು ಮನಸ್ಸಿನಲ್ಲಿ ತಿರುವಿ ಹಾಕಿದೆ. ಮಳೆ ಬರುವ ಹಾಗಿದೆ, ಬೇರೆ ದಾರಿ ಹಿಡಿ ಎಂದದ್ದು. ಕುರ್ಚಿ ಮೊದಲು ಇಳಿಸು, ಒಲೆ ಆಮೇಲೆ ಎಂದದ್ದು. ಅರ್ಧ ದಾರಿಯಲ್ಲಿ ನಿಲ್ಲಿಸಿ ಹಗ್ಗ ಬಿಚ್ಚಿ ಮತ್ತೆ ಕಟ್ಟು ಎಂದದ್ದು. ಎಲ್ಲದಕ್ಕೂ ಆಯ್ತಣ್ಣ ಬಂದಿತ್ತು, ಯಾವುದೂ ಆಗಿರಲಿಲ್ಲ, ವ್ಯಾಪಾರ ಚೆನ್ನಾಗಿ ನಡೆದಿತ್ತು. ನಾನು ಹಿಡಿದು ನಡೆಸುತ್ತಿದ್ದೇನೆಂದು ತಿಳಿದ ಗಾಡಿಗೆ ಸ್ಟೇರಿಂಗು ಬೇರೆ ಕಡೆ ಇತ್ತು. ಅವಮಾನ ಆಗಬೇಕಿತ್ತು, ಆಯಿತು ಕೂಡ, ಸಂಜೆಯ ಚಹಾದವರೆಗೆ. ಆಮೇಲೆ ಉಳಿದದ್ದು ಬಿಡುಗಡೆ. ನನ್ನಿಂದ ನನ್ನ ವ್ಯಾಪಾರಕ್ಕೆ ಒಂದು ಬೇಲಿ ಹಾಕಿದ್ದಾರೆ, ಅದೂ ನನ್ನ ಮನಸ್ಸು ನೋಯದ ಹಾಗೆ. ಮೇಳಿಗೆಯ ಹೆಸರು ಉಳಿದದ್ದು ಆ ಬೇಲಿಯಿಂದ.

ಡಾಕ್ಟರು ಏಳಿ ಅಂದ ಮೇಲೆ, ಬೆಲ್ಟು ಕಟ್ಟಿಕೊಂಡು ಬಸ್ಸಿನಲ್ಲಿ ಹೊಸನಗರಕ್ಕೆ ಹೋದೆ. ನಿಂತು ಚಹಾ ಕುಡಿಯುವ ಹೊತ್ತಿಗೇ ಮುಟ್ಟಿದ್ದೆ. ಡ್ರೈವರಿಬ್ಬರೂ ನನ್ನನ್ನು ನೋಡಿ ಲೋಟದೊಳಗೆ ಮುಖ ಇಟ್ಟರು.

"ಇನ್ಮೇಲೆ ಆಯ್ತು ಅಂತ ಸುಳ್ಳು ಹೇಳೋದು ಬೇಡ," ಅಂದೆ. "ನಿಯಮ ಅಂದ್ರೆ ಬಹಿರಂಗ ನಿಯಮ. ಲೋಡು ಕಟ್ಟಿದ ಮೇಲೆ ಇವಳ ಮಾತೇ ಮಾತು."

"ಹಂಗಾದ್ರೆ ನೀವು ಫೋನ್ ಮಾಡಲ್ವಾ ಅಣ್ಣ?" ಹೊಸಬ ಕೇಳಿದ. ಅವನ ಮುಖದಲ್ಲಿ ಆಸೆ ಇತ್ತು.

"ಅದನ್ನ ಹೇಳಕ್ಕಾಗಲ್ಲ."

ಹಳಬ ಗಟ್ಟಿಯಾಗಿ ನಕ್ಕ. ಗೋಡೌನಿನವಳು ನಗಲಿಲ್ಲ, ಅವಳು ನನಗೆ ಕೆಲಸ ಹುಡುಕುತ್ತಿದ್ದಳು.

"ಅಣ್ಣ, ನಿಮ್ಮ ಹೆದ್ರಿಕೆ ಕೆಟ್ಟದ್ದಲ್ಲ," ಅಂದಳು. "ಹೊತ್ತು ತಪ್ಪಿ ಬರ್ತದೆ ಅಷ್ಟೇ. ಹಿಂದಿನ ದಿನ ತನ್ನಿ ಅದನ್ನ. ಲೋಡು ಕಟ್ಟೋ ಮುಂಚೆ ಎಷ್ಟು ಹೆದರ್ತೀರೋ ಹೆದ್ರಿ, ನಾನು ಕೂತು ಕೇಳ್ತೀನಿ. ದಾರಿ ಸರಿ ಇಲ್ವಾ, ಡ್ರೈವರ್ ಹೊಸಬನಾ, ಅಲ್ಲಿ ನೀರಿಲ್ವಾ, ಎಲ್ಲ ಹೇಳಿ. ಗಾಡಿ ಕಟ್ಟಿದ ಮೇಲೆ ಅದು ಯಾರಿಗೂ ಉಪಯೋಗಕ್ಕಿಲ್ಲ."

ಬೆಂಗಳೂರಿನ ಕೋಟಿನವರು ಇದನ್ನು ಹೇಳಿರಲಿಲ್ಲ. ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ. ಈಗ ಪ್ರತಿ ಲೋಡಿನ ಹಿಂದಿನ ದಿನ ಮಧ್ಯಾಹ್ನ ನಾನು ಅವಳೊಡನೆ ಕೂತು ವಿಧಿವತ್ತಾಗಿ ಹೆದರುತ್ತೇನೆ. ಗ್ಯಾಸು ಸಾಕಾಗದಿದ್ದರೆ? ಅಡುಗೆಯವರು ಎಡಗೈಯವರಾಗಿದ್ದರೆ? ಹೆಚ್ಚಿನವನ್ನು ಅವಳು ಮುಗುಳ್ನಕ್ಕು ಬಿಡುತ್ತಾಳೆ, ಒಂದೆರಡಕ್ಕೆ ಪೆನ್ನು ಎತ್ತಿಕೊಳ್ಳುತ್ತಾಳೆ. ಪೆನ್ನು ಎತ್ತಿಕೊಂಡಾಗ ನನಗೆ ಪ್ರಶಸ್ತಿ ಬಂದ ಹಾಗಾಗುತ್ತದೆ. ಮೇಳಿಗೆಯ ಯಜಮಾನರ ಕಡೆಯಿಂದ ಮುಂದೆ ಎರಡು ಮನೆಗಳವರು ಕೇಳಿಕೊಂಡು ಬಂದರು. ಗೋಡೌನಿನ ಬಾಡಿಗೆಯ ಕರಾರನ್ನು ಮೊನ್ನೆ ಮುಂದುವರಿಸಿದೆ.

ಆ ಎರಡು ಮನೆಗಳಲ್ಲಿ ಮೊದಲನೆಯದಕ್ಕೆ ಗಾಡಿ ಹೊರಟ ಬೆಳಿಗ್ಗೆ ಸಾಗರದ ಮನೆಯಲ್ಲಿ ಕೂತಿದ್ದೆ. ಫೋಟೋ ಬಂದಿತ್ತು, ಹಸಿರು ಪಟ್ಟೆ ಕಂಡಿತ್ತು. ಹೆದರಲು ಬೇಕಾದ್ದನ್ನೆಲ್ಲ ಹಿಂದಿನ ದಿನವೇ ಹೆದರಿ ಮುಗಿಸಿದ್ದೆ. ಆದರೂ ಕೈ ಕೇಳಬೇಕಲ್ಲ. ಹಳಬನಿಗೆ ಹಚ್ಚಿದೆ.

"ಹೇಳಣ್ಣ," ಅಂದ. "ಗಾಡಿ ಬದಿಗೆ ನಿಲ್ಸಿದೀನಿ. ಆರಾಮಾಗಿ ಹೇಳಿ."

ಹೇಳಿದೆ. ಎದುರಿನಿಂದ ಬಸ್ಸು ಬರುವ ತಿರುವು, ಸಡಿಲಾಗಬಹುದಾದ ಹಗ್ಗ, ತೀರ್ಥಹಳ್ಳಿ ಪೇಟೆಯ ಒಳಗೆ ಹೋಗದೆ ಸುತ್ತಿ ಹೋದರೆ ಒಳ್ಳೆಯದೇನೋ ಎನ್ನುವ ನನ್ನ ಅನಿಸಿಕೆ, ಎಲ್ಲ ಹೇಳಿದೆ. ಯಾವುದರಿಂದಲೂ ಯಾವ ಅನಾಹುತವೂ ಆಗುವುದಿಲ್ಲವೆಂದು ಗೊತ್ತಿದ್ದು ಮಾತಾಡುವ ಸುಖವೇ ಬೇರೆ. ಅವನು ನಡುವೆ ಬಾಯಿ ಹಾಕದೆ ಕೊನೆಯವರೆಗೂ ಕೇಳಿಸಿಕೊಂಡ. ಆಮೇಲೆ ಎಂಜಿನ್ ಚಾಲೂ ಮಾಡಿ, ಹೊರಟ ದಾರಿಯಲ್ಲೇ ಹೋದ.